ಕಂಪ್ಯೂಟರ್ ಏಕೆ ಕೈಕೊಡುತ್ತದೆ? ವಿಂಡೋಸ್, ಮ್ಯಾಕ್, ಲಿನಕ್ಸ್ ಜಗಳದ ಒಳಗುಟ್ಟು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಆಪರೇಟಿಂಗ್ ಸಿಸ್ಟಮ್ ಎಂಬ ಮಾತನ್ನು ಎಂದೂ ತಲೆಗೆ ಹಚ್ಚಿಕೊಳ್ಳದವರಿಗೂ ಪರದೆಯ ಮೇಲೆ ಸೂಚನೆ ಬಂತು: ವಿಂಡೋಸ್ 11ಕ್ಕೆ ಹೋಗಿ. ಹೋಗೋಣವೆಂದರೆ ಅನೇಕರ ಯಂತ್ರ ಅದಕ್ಕೆ ಒಗ್ಗುವುದಿಲ್ಲ. ಯಾರನ್ನಾದರೂ ಕೇಳೋಣ ಎಂದು ಹೊರಟರೆ ಮೂವರದು ಮೂರು ಮಾತು. ಅಂಗಡಿಯವರು, “ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಸಾರ್” ಅನ್ನುತ್ತಾರೆ. ಅಮೆರಿಕದಲ್ಲಿರುವ ಅಳಿಯ, “ಮ್ಯಾಕ್ ತಗೊಂಡ್ಬಿಡಿ ಮಾವ, ಅದು ಹ್ಯಾಂಗೇ ಆಗಲ್ಲ” ಅನ್ನುತ್ತಾನೆ. ಎಂಜಿನಿಯರಿಂಗ್ ಓದುವ ಪಕ್ಕದ ಮನೆಯ ಹುಡುಗ, “ಲಿನಕ್ಸ್ ಹಾಕ್ಕೊಡ್ತೀನಿ ಅಂಕಲ್, ಒಂದ್ರೂಪಾಯಿ ಖರ್ಚಿಲ್ಲ” ಅನ್ನುತ್ತಾನೆ.

ಮೂವರ ಮಾತಿನಲ್ಲೂ ಹುರುಳಿದೆ, ಮೂವರೂ ಅರ್ಧ ಮಾತ್ರ ಹೇಳುತ್ತಿದ್ದಾರೆ. ಯಾವುದು ನಂಬಿಕಸ್ಥ ಎಂದು ತಿಳಿಯಬೇಕಾದರೆ ಬ್ರ್ಯಾಂಡಿನ ಹೆಸರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಬೇರೆ ಪ್ರಶ್ನೆ ಕೇಳಬೇಕು: ಈ ಯಂತ್ರದ ಒಳಮನೆಗೆ ಯಾರ್‍ಯಾರು ಬಂದು ಹೋಗುತ್ತಾರೆ?

ಛತ್ರದ ಅಡುಗೆಮನೆ

ಕಂಪ್ಯೂಟರನ್ನು ಮದುವೆ ಛತ್ರ ಎಂದುಕೊಳ್ಳಿ. ಪಂಕ್ತಿಯಲ್ಲಿ ಕುಳಿತವರು ನಾವು ದಿನಾ ಬಳಸುವ ಪ್ರೋಗ್ರಾಂಗಳು: ಬ್ರೌಸರ್, ವರ್ಡ್, ಟ್ಯಾಲಿ, ವಿಡಿಯೊ ಪ್ಲೇಯರ್. ಅವರ ಮುಂದಿನ ಬಾಳೆಲೆಯೇ ಮೆಮೊರಿ, ಅಂದರೆ ರ‍್ಯಾಮ್. ಬೇಕಾದದ್ದನ್ನು ಅಷ್ಟು ಹೊತ್ತಿಗೆ ಬಡಿಸಿಕೊಳ್ಳುವ ಜಾಗ ಅದು. ಊಟ ಮುಗಿದರೆ ಎಲೆ ಎತ್ತುತ್ತಾರೆ. ಹಿಂದಿರುವ ಉಗ್ರಾಣ ಹಾರ್ಡ್ ಡಿಸ್ಕ್. ಕರೆಂಟ್ ಹೋದರೂ ಅಲ್ಲಿನ ಸಾಮಾನು ಅಲ್ಲೇ ಇರುತ್ತದೆ. ಇದಿಷ್ಟನ್ನೂ ನಡೆಸಿಕೊಂಡು ಹೋಗುವ ಏರ್ಪಾಟಿಗೆ ಆಪರೇಟಿಂಗ್ ಸಿಸ್ಟಮ್ ಅಥವಾ ಚಿಕ್ಕದಾಗಿ ಓಎಸ್ ಎಂದು ಹೆಸರು.

ಊಟಕ್ಕೆ ಕುಳಿತವರು ತಾವೇ ಎದ್ದು ಉಗ್ರಾಣಕ್ಕೆ ಕೈಹಾಕುವಂತಿಲ್ಲ. ಕೇಳಬೇಕು, ಬಡಿಸುವವರು ತಂದು ಹಾಕಬೇಕು. ಒಲೆ, ಉಗ್ರಾಣದ ಬೀಗದ ಕೈ, ಯಾರಿಗೆ ಎಷ್ಟು ಎಲೆ ಎಂಬ ಲೆಕ್ಕ ಎಲ್ಲವೂ ಅಡುಗೆಮನೆಯ ಯಜಮಾನಿಕೆ. ಓಎಸ್‌ನ ಈ ಅಡುಗೆಮನೆಯೇ ಕರ್ನಲ್.

ಅಡುಗೆಮನೆಯಲ್ಲಿ ಭಟ್ಟರ ಜತೆಗೆ ಹೊರಗಿನವರೂ ಇರುತ್ತಾರೆ. ದೊಡ್ಡ ಗ್ರೈಂಡರ್ ಬಾಡಿಗೆಗೆ ತರಿಸಿದರೆ ಅದನ್ನು ನಡೆಸುವ ಆಳು ಗ್ರೈಂಡರ್ ಜತೆಯಲ್ಲೇ ಬರುತ್ತಾನೆ. ಪ್ರಿಂಟರ್, ವೈಫೈ, ಗ್ರಾಫಿಕ್ಸ್ ಕಾರ್ಡ್ ಇವೆಲ್ಲ ಅಂಥ ಗ್ರೈಂಡರುಗಳು. ಪ್ರತಿಯೊಂದರ ಜತೆಗೂ ಅದನ್ನು ತಯಾರಿಸಿದ ಕಂಪನಿ ಬರೆದ ಒಂದು ಸಣ್ಣ ತಂತ್ರಾಂಶ ಬರುತ್ತದೆ. ಅದೇ ಡ್ರೈವರ್. ಭಟ್ಟರಿಗೂ ಆ ಆಳಿಗೂ ಪರಿಚಯವೇ ಇರುವುದಿಲ್ಲ. ಆದರೂ ಇಬ್ಬರೂ ಒಂದೇ ಒಲೆಯ ಮುಂದೆ ನಿಂತಿರುತ್ತಾರೆ.

ಪಂಕ್ತಿಯಲ್ಲಿ ಒಬ್ಬರ ಎಲೆ ಹರಿದು ಸಾರು ಚೆಲ್ಲಿದರೆ ಅವರೊಬ್ಬರ ಊಟ ಕೆಟ್ಟಿತು, ಅಷ್ಟೆ. ಬ್ರೌಸರ್ ಮುಚ್ಚಿಹೋಯಿತು, ಮತ್ತೆ ತೆರೆದೆವು. ಗ್ರೈಂಡರಿನ ಆಳು ಕಾಲು ಜಾರಿ ಸಾಂಬಾರಿನ ಕೊಪ್ಪರಿಗೆಯ ಮೇಲೆ ಬಿದ್ದರೆ ಇಡೀ ಛತ್ರದ ಊಟ ನಿಲ್ಲುತ್ತದೆ.

ನೀಲಿ ಪರದೆ ಹೇಳುವುದೇನು

ವಿಂಡೋಸ್‌ನ ನೀಲಿ ಪರದೆ ಕಂಡ ಕೂಡಲೇ ಯಂತ್ರ ಸತ್ತೇಹೋಯಿತು ಎಂದು ಗಾಬರಿಯಾಗುತ್ತದೆ. ನಿಜವಾಗಿ ಅದು ಓಎಸ್ ಬೇಕೆಂದೇ ತೆಗೆದುಕೊಂಡ ತೀರ್ಮಾನ. ಕರ್ನಲ್ ಒಳಗಿನ ಮೆಮೊರಿಯಲ್ಲಿ ಏನೋ ಕಲಸಿಹೋಗಿದೆ, ಯಾವುದು ಸರಿ ಯಾವುದು ತಪ್ಪು ಎಂದು ತನಗೇ ಗೊತ್ತಾಗುತ್ತಿಲ್ಲ ಎನ್ನಿಸಿದಾಗ ಅದು ಎಲ್ಲವನ್ನೂ ಅಲ್ಲಿಗೇ ನಿಲ್ಲಿಸುತ್ತದೆ. ಸಾರಿಗೆ ಹಲ್ಲಿ ಬಿದ್ದಿರಬಹುದು ಎಂಬ ಅನುಮಾನ ಬಂದರೆ ಭಟ್ಟರು ಬಡಿಸುವುದನ್ನು ನಿಲ್ಲಿಸುವ ಹಾಗೆ. ಮುಂದುವರಿಸಿದರೆ ಕೆಟ್ಟ ಲೆಕ್ಕ ಡಿಸ್ಕಿಗೂ ಬರೆದುಹೋಗಿ, ನಿಮ್ಮ ಕಡತಗಳೇ ಹಾಳಾಗುತ್ತವೆ.

ಮ್ಯಾಕ್ ಮತ್ತು ಲಿನಕ್ಸ್ ಕೂಡ ಇದನ್ನೇ ಮಾಡುತ್ತವೆ. ಅಲ್ಲಿ ಅದಕ್ಕೆ ‘ಕರ್ನಲ್ ಪ್ಯಾನಿಕ್’ ಎನ್ನುತ್ತಾರೆ. ವಿಂಡೋಸ್‌ನದು ಮಾತ್ರ ಲೋಕಪ್ರಸಿದ್ಧವಾಯಿತು. ಅಂದಹಾಗೆ 2025ರಲ್ಲಿ ವಿಂಡೋಸ್ 11ರ ಆ ಪರದೆಯನ್ನು ಮೈಕ್ರೋಸಾಫ್ಟ್ ನೀಲಿಯಿಂದ ಕಪ್ಪಿಗೆ ಬದಲಾಯಿಸಿದೆ. ಬಣ್ಣ ಬದಲಾದರೂ ಸುದ್ದಿ ಅದೇ.

ಇಂಥ ಕುಸಿತಗಳಿಗೆ ಹೆಚ್ಚಾಗಿ ಯಾರು ಕಾರಣ? ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ವರದಿಯಾದ ಕ್ರ್ಯಾಶ್‌ಗಳಲ್ಲಿ ಶೇ. 85ರಷ್ಟು ಡ್ರೈವರ್‌ಗಳಿಂದ ಆದವು ಎಂದು 2003ರ ಒಂದು ಸಂಶೋಧನಾ ಪ್ರಬಂಧ ದಾಖಲಿಸಿತು. ಬೈಗುಳವೆಲ್ಲ ಬಿದ್ದದ್ದು ಭಟ್ಟರಿಗೆ, ಬಹುಪಾಲು ತಪ್ಪು ಗ್ರೈಂಡರಿನ ಆಳಿನದು.

ಐಬಿಎಂ ಬಾಗಿಲು ತೆರೆಯಿತು, ಆಪಲ್ ಮುಚ್ಚಿಕೊಂಡಿತು

ಅಷ್ಟೊಂದು ಆಳುಗಳು ವಿಂಡೋಸ್‌ನ ಅಡುಗೆಮನೆಗೇ ಏಕೆ ನುಗ್ಗಿದರು? ಇದಕ್ಕೆ 1981ರ ಆಗಸ್ಟ್ 12ಕ್ಕೆ ಹೋಗಬೇಕು. ಅಂದು ಅಮೆರಿಕದ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು, ಅಂದರೆ ಪಿಸಿಯನ್ನು, ಹೊರತಂದಿತು. ಬೇಗ ಮಾರುಕಟ್ಟೆಗೆ ಬರಬೇಕು ಎಂಬ ಅವಸರದಲ್ಲಿ ಅದು ಬಿಡಿಭಾಗಗಳನ್ನು ಹೊರಗಿನಿಂದಲೇ ಕೊಂಡಿತ್ತು. ಪ್ರೊಸೆಸರ್ ಇಂಟೆಲ್‌ನದು, ಓಎಸ್ ಮೈಕ್ರೋಸಾಫ್ಟ್‌ನದು. ಆ ಓಎಸ್ಸನ್ನು, ಅಂದರೆ ಡಾಸ್ ಅನ್ನು, ಬೇರೆಯವರಿಗೂ ಮಾರುವ ಹಕ್ಕು ಮೈಕ್ರೋಸಾಫ್ಟ್ ಕೈಯಲ್ಲೇ ಉಳಿಯಿತು.

ಐಬಿಎಂಗೆ ಸ್ವಂತದ್ದೆಂದು ಉಳಿದ ಮುಖ್ಯ ಸಂಗತಿ ಬಯೋಸ್ ಒಂದೇ, ಯಂತ್ರ ಶುರುವಾದಾಗ ಮೊದಲು ಎಚ್ಚರಗೊಳ್ಳುವ ಸಣ್ಣ ತಂತ್ರಾಂಶ. ಕಾಂಪ್ಯಾಕ್ ಎಂಬ ಕಂಪನಿ ಅದನ್ನು ನಕಲು ಮಾಡದೆ, ಅದು ಮಾಡುವ ಕೆಲಸವನ್ನಷ್ಟೇ ನೋಡಿ ತನ್ನದೇ ಬಯೋಸ್ ಬರೆಸಿ, 1982ರ ನವೆಂಬರಿನಲ್ಲಿ ಐಬಿಎಂಗೆ ಹೊಂದುವ ಯಂತ್ರವನ್ನು ಘೋಷಿಸಿತು. ಅಲ್ಲಿಂದ ಬಾಗಿಲು ತೆರೆದಂತಾಯಿತು. ಯಾರು ಬೇಕಾದರೂ ಪಿಸಿ ಮಾಡಬಹುದು, ಯಾರು ಬೇಕಾದರೂ ಅದಕ್ಕೊಂದು ಕಾರ್ಡ್ ತಯಾರಿಸಬಹುದು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಅಂಗಡಿಯಿಂದ ಮದರ್‌ಬೋರ್ಡ್, ಎದುರಂಗಡಿಯಿಂದ ರ‍್ಯಾಮ್, ಮೂಲೆಯ ಅಂಗಡಿಯಿಂದ ಕ್ಯಾಬಿನೆಟ್ ಕೊಂಡು ‘ಅಸೆಂಬಲ್’ ಮಾಡಿಸಿದವರು ಈ ತೆರೆದ ಬಾಗಿಲಿನ ಫಲವನ್ನೇ ಉಂಡವರು. ನಮ್ಮ ಮಧ್ಯಮವರ್ಗದ ಎಷ್ಟೋ ಮನೆಗಳಿಗೆ, ಡಿಟಿಪಿ ಅಂಗಡಿಗಳಿಗೆ ಕಂಪ್ಯೂಟರ್ ಕಾಲಿಟ್ಟದ್ದೇ ಹೀಗೆ. ಇದರ ಇನ್ನೊಂದು ಮುಖವೂ ಇದೆ. ಆ ಮದರ್‌ಬೋರ್ಡ್ ಮಾಡಿದವರು ಆ ರ‍್ಯಾಮನ್ನು ಎಂದೂ ನೋಡಿಲ್ಲ, ವಿಂಡೋಸ್ ಬರೆದವರು ಎರಡನ್ನೂ ನೋಡಿಲ್ಲ. ಲಕ್ಷಗಟ್ಟಲೆ ಜೋಡಣೆಗಳಲ್ಲಿ ಪ್ರತಿಯೊಂದನ್ನೂ ಪರೀಕ್ಷೆ ಮಾಡಿ ಬಿಡುವುದು ಯಾರ ಕೈಲೂ ಆಗದ ಕೆಲಸ.

ಆಪಲ್ ಹಿಡಿದದ್ದು ತದ್ವಿರುದ್ಧ ದಾರಿ. 1984ರ ಜನವರಿ 24ರಂದು ಬಂದ ಅದರ ಮೆಕಿಂಟಾಷ್‌ನಲ್ಲಿ, ಅಂದರೆ ಮ್ಯಾಕ್‌ನಲ್ಲಿ, ಯಂತ್ರವೂ ಓಎಸ್ಸೂ ಒಂದೇ ಕಂಪನಿಯದು. ಬೆಲೆ 2,495 ಡಾಲರ್. ಬೇರೆಯವರು ಮ್ಯಾಕ್ ತಯಾರಿಸಲು 1990ರ ದಶಕದ ನಡುವೆ ಸ್ವಲ್ಪ ಕಾಲ ಅನುಮತಿ ಕೊಟ್ಟದ್ದುಂಟು. 1997ರಲ್ಲಿ ಮರಳಿ ಬಂದ ಸ್ಟೀವ್ ಜಾಬ್ಸ್ ಅದನ್ನು ನಿಲ್ಲಿಸಿದರು. ಬೆರಳೆಣಿಕೆಯ ಮಾದರಿಗಳು, ಗೊತ್ತಿರುವ ಬಿಡಿಭಾಗಗಳು, ಮನೆಯವರೇ ಬರೆದ ಡ್ರೈವರ್‌ಗಳು. ಅಡುಗೆಮನೆಯಲ್ಲಿ ಪರಕೀಯರು ಕಡಿಮೆ. “ಮ್ಯಾಕ್ ಹ್ಯಾಂಗ್ ಆಗಲ್ಲ” ಎನ್ನುವ ಅಳಿಯನ ಮಾತಿನ ಬೇರು ಇಲ್ಲಿದೆ.

ಮ್ಯಾಕ್ ಕೂಡ ಹ್ಯಾಂಗ್ ಆಗುತ್ತಿತ್ತು

ಬಾಗಿಲು ಮುಚ್ಚಿಕೊಂಡ ಮಾತ್ರಕ್ಕೆ ಎಲ್ಲ ಸರಿಹೋಗಲಿಲ್ಲ. 1990ರ ದಶಕದ ಮ್ಯಾಕ್ ಬಳಸಿದವರನ್ನು ಕೇಳಿ ನೋಡಿ, ಪರದೆಯ ಮೇಲೆ ಬರುತ್ತಿದ್ದ ಬತ್ತಿ ಹೊತ್ತಿದ ಬಾಂಬಿನ ಚಿತ್ರ ಅವರಿಗೆ ಇನ್ನೂ ನೆನಪಿರುತ್ತದೆ.

ಆಗಿನ ಮ್ಯಾಕ್‌ಗೂ ವಿಂಡೋಸ್ 3.1ಕ್ಕೂ ಎರಡು ದೋಷ ಸಮಾನವಾಗಿದ್ದವು. ಒಂದು, ಸರದಿಯ ದೋಷ. ಸಭೆಯಲ್ಲಿ ಮೈಕ್ ಹಿಡಿದವರು ತಾವಾಗಿ ಬಿಟ್ಟುಕೊಟ್ಟರಷ್ಟೇ ಮುಂದಿನವರಿಗೆ ಮಾತು ಎಂಬ ಏರ್ಪಾಟು ಅಲ್ಲಿತ್ತು. ಒಂದು ಪ್ರೋಗ್ರಾಂ ಮೈಕ್ ಬಿಡದೆ ಕುಳಿತರೆ ಇಡೀ ಯಂತ್ರ ಸ್ತಬ್ಧ. ಈಗಿನ ಓಎಸ್‌ಗಳಲ್ಲಿ ಕರ್ನಲ್ ಗಡಿಯಾರ ಹಿಡಿದು ಕೂರುತ್ತದೆ; ಸಮಯ ಮುಗಿದರೆ ಮೈಕ್ ಕಿತ್ತುಕೊಳ್ಳುತ್ತದೆ. ಇನ್ನೊಂದು, ಗೋಡೆಯ ದೋಷ. ಎಲೆಗಳ ನಡುವೆ ಗಟ್ಟಿ ಗಡಿಯಿರಲಿಲ್ಲ. ಒಂದು ಪ್ರೋಗ್ರಾಂ ಇನ್ನೊಂದರ ಮೆಮೊರಿಯಲ್ಲೂ, ಕೊನೆಗೆ ಓಎಸ್‌ನ ಮೆಮೊರಿಯಲ್ಲೂ ಗೀಚಬಹುದಿತ್ತು.

ವಿಂಡೋಸ್ 95, 98 ಬಂದಾಗ ಇವೆರಡೂ ಕೊಂಚ ಸುಧಾರಿಸಿದವು. ಆದರೆ ಹಳೆಯ ಡಾಸ್ ಪ್ರೋಗ್ರಾಂಗಳೂ ನಡೆಯಬೇಕು ಎಂಬ ಹಟಕ್ಕೆ ಅಡಿಪಾಯ ಸಡಿಲವಾಗಿಯೇ ಉಳಿಯಿತು. 1998ರ ಏಪ್ರಿಲ್‌ನಲ್ಲಿ ಷಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ ಬಿಲ್ ಗೇಟ್ಸ್ ವೇದಿಕೆಯ ಮೇಲಿರುವಾಗಲೇ ಸಹೋದ್ಯೋಗಿಯೊಬ್ಬರು ವಿಂಡೋಸ್ 98ರ ಯಂತ್ರಕ್ಕೆ ಸ್ಕ್ಯಾನರ್ ಸಿಕ್ಕಿಸಿದರು. ಸಿಕ್ಕಿಸಿದ್ದೇ ತಡ, ತುಂಬಿದ ಸಭೆಯ ಮುಂದೆ ನೀಲಿ ಪರದೆ. ಇದಕ್ಕೇ ನಾವಿನ್ನೂ ಇದನ್ನು ಮಾರಾಟಕ್ಕೆ ಬಿಟ್ಟಿಲ್ಲ ಎಂದು ಗೇಟ್ಸ್ ನಕ್ಕು ಸುಧಾರಿಸಿಕೊಂಡರು. ಇಲ್ಲಿಯೂ ಹೊರಗಿನಿಂದ ಬಂದ ಒಂದು ಉಪಕರಣ ಸಿಕ್ಕಿಸಿದಾಗಲೇ ಎಡವಟ್ಟಾದದ್ದು.

ಇನ್ನೊಂದು ತಮಾಷೆಯ ದೋಷ ವಿಂಡೋಸ್ 95 ಮತ್ತು 98ರಲ್ಲಿ ಅಡಗಿತ್ತು. ಯಂತ್ರ ಶುರುವಾಗಿ ಎಷ್ಟು ಮಿಲಿಸೆಕೆಂಡ್ ಆಯಿತು ಎಂದು ಎಣಿಸುವ ಒಂದು ಲೆಕ್ಕಪಟ್ಟಿ 32 ಬಿಟ್‌ನದು. ಅಂದರೆ 4,29,49,67,295ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ, ಹಳೆಯ ಸ್ಕೂಟರಿನ ಮೀಟರ್ ತಿರುಗಿದ ಹಾಗೆ. ಇಷ್ಟು ಮಿಲಿಸೆಕೆಂಡ್ ಎಂದರೆ 49.7 ದಿನ. ಅಷ್ಟು ದಿನ ಒಂದೇ ಸಮನೆ ಓಡಿದರೆ ಯಂತ್ರ ನಿಂತುಬಿಡುತ್ತಿತ್ತು. ವಿಂಡೋಸ್ 95 ಬಂದದ್ದು 1995ರಲ್ಲಿ. ಈ ದೋಷಕ್ಕೆ ತೇಪೆ ಬಂದದ್ದು 1999ರಲ್ಲಿ. ಅಷ್ಟು ದಿನ ರೀಸ್ಟಾರ್ಟ್ ಆಗದೆ ಓಡಿದ ವಿಂಡೋಸ್ 95ನ್ನು ಯಾರೂ ಕಂಡಿರಲಿಲ್ಲವಲ್ಲ ಎಂದು ಜನ ಆಡಿಕೊಂಡು ನಕ್ಕರು.

2001ರಲ್ಲಿ ಎರಡೂ ಮನೆಗಳ ಅಡಿಪಾಯ ಬದಲಾಯಿತು. ಮಾರ್ಚ್ 24ಕ್ಕೆ ಆಪಲ್ ಮ್ಯಾಕ್ ಓಎಸ್ ಟೆನ್ ಬಿಟ್ಟಿತು. ಜಾಬ್ಸ್ ಆಪಲ್‌ನಿಂದ ಹೊರಗಿದ್ದಾಗ ಕಟ್ಟಿದ ನೆಕ್ಸ್ಟ್ ಕಂಪನಿಯ ಓಎಸ್ ಅದಕ್ಕೆ ಬುನಾದಿ; ಅದು ಯುನಿಕ್ಸ್ ಎಂಬ ಹಳೆಯ ಓಎಸ್‌ನ ಬಗೆಯದು. ಅಕ್ಟೋಬರ್ 25ಕ್ಕೆ ವಿಂಡೋಸ್ ಎಕ್ಸ್‌ಪಿ ಬಂತು. ಮೈಕ್ರೋಸಾಫ್ಟ್‌ನ ಎಂಜಿನಿಯರ್ ಡೇವ್ ಕಟ್ಲರ್ ಮುಂದಾಳತ್ವದಲ್ಲಿ ಕಚೇರಿ, ಸರ್ವರ್‌ಗಳಿಗೆಂದು ಕಟ್ಟಿದ್ದ ಗಟ್ಟಿಮುಟ್ಟಾದ ಎನ್‌ಟಿ ಕರ್ನಲ್ ಮೊದಲ ಸಲ ಮನೆಮನೆಯ ಯಂತ್ರಕ್ಕೆ ಇಳಿಯಿತು. ಗೋಡೆಗಳು ಎದ್ದವು, ಮೈಕ್ ಕಿತ್ತುಕೊಳ್ಳುವವರು ಬಂದರು. ಎಕ್ಸ್‌ಪಿ ನಂತರದ ವಿಂಡೋಸ್‌ ಬಗ್ಗೆ ವಿಂಡೋಸ್ 98ರ ನೆನಪಿಟ್ಟುಕೊಂಡು ಮಾತಾಡುವುದು ಅನ್ಯಾಯ.

ಮೂರನೆಯವನು

ಲಿನಕ್ಸ್‌ನದು ಬೇರೆಯೇ ಹುಟ್ಟು. 1991ರ ಆಗಸ್ಟ್‌ನಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ 21ರ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಹವ್ಯಾಸಕ್ಕೆ ಒಂದು ಕರ್ನಲ್ ಬರೆಯುತ್ತಿದ್ದೇನೆ ಎಂದು ಪ್ರಕಟಿಸಿದರು. ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಇಂದು ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರುವುದು ಇದೇ ಕರ್ನಲ್. 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿರುವ ಎಲ್ಲವೂ ಲಿನಕ್ಸ್ ಮೇಲೆ ನಡೆಯುತ್ತಿವೆ. 2021ರಲ್ಲಿ ಮಂಗಳ ಗ್ರಹದಲ್ಲಿ ಹಾರಿದ ಇಂಜೆನ್ಯುಯಿಟಿ ಎಂಬ ಪುಟ್ಟ ಹೆಲಿಕಾಪ್ಟರ್ ಕೂಡ.

ಹಾಗಿದ್ದರೂ ಮನೆಯ ಲ್ಯಾಪ್‌ಟಾಪ್‌ಗೆ ಹಾಕಿದಾಗ ವೈಫೈ ಸಿಗುತ್ತಿಲ್ಲ, ಪ್ರಿಂಟರ್ ಮಾತು ಕೇಳುತ್ತಿಲ್ಲ ಎಂಬ ದೂರು ಏಕೆ? ಅನೇಕ ಕಂಪನಿಗಳು ವಿಂಡೋಸ್‌ಗೆ ಮಾತ್ರ ಡ್ರೈವರ್ ಬರೆದು ಸುಮ್ಮನಾಗುತ್ತವೆ. ಲಿನಕ್ಸ್‌ಗೆ ಅದನ್ನು ಸ್ವಯಂಸೇವಕರೋ ಬೇರೆ ಸಂಸ್ಥೆಗಳೋ ಬರೆಯಬೇಕು. ಬರೆದದ್ದು ಹಲವು ಕಣ್ಣುಗಳ ಮುಂದೆ ಹಾದು ಕರ್ನಲ್ ಜತೆಗೇ ಸೇರುವುದರಿಂದ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಬರೆಯದೇ ಇದ್ದರೆ ಉಪಕರಣ ಮೂಲೆಗೆ. ಗ್ರೈಂಡರ್ ಬಂತು, ಆಳು ಬರಲಿಲ್ಲ.

2024ರ ಜುಲೈ 19: ಒಂದು ಡಬ್ಬಿ ಕಡಿಮೆ

ಇಷ್ಟೂ ಮಾತು ಒಂದೇ ದಿನದಲ್ಲಿ ಪರೀಕ್ಷೆಗೆ ಬಂದದ್ದು ಆ ಶುಕ್ರವಾರ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ವ್ಯವಸ್ಥೆ ನಿಂತು ಸಾಲು ಬೆಳೆಯಿತು. ದೇಶದ ಹಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಬೇರೆ ದೇಶಗಳಲ್ಲಿ ಆಸ್ಪತ್ರೆ, ಬ್ಯಾಂಕು, ಟಿವಿ ವಾಹಿನಿಗಳೂ ತಡವರಿಸಿದವು.

ಕಾರಣ ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ಕಂಪನಿಯ ‘ಫಾಲ್ಕನ್’ ತಂತ್ರಾಂಶ. ಕಳ್ಳರನ್ನು ಹಿಡಿಯಬೇಕಾದರೆ ಎಲ್ಲ ಕಡೆ ಕಣ್ಣಿಡಬೇಕು, ಆದ್ದರಿಂದ ಅದು ಕರ್ನಲ್ ಒಳಗೇ ಕೂರುತ್ತದೆ. ಅಡುಗೆಮನೆಯೊಳಗೆ ಕಾವಲುಗಾರನನ್ನು ನಿಲ್ಲಿಸಿದ ಹಾಗೆ. ಭಾರತದ ಸಮಯ ಬೆಳಿಗ್ಗೆ 9.39ಕ್ಕೆ ಅದಕ್ಕೊಂದು ಚಿಕ್ಕ ಅಪ್‌ಡೇಟ್ ಹೋಯಿತು. ಅಪ್‌ಡೇಟ್ ಎಂದರೆ ಕಾವಲುಗಾರನಿಗೆ ಕೊಟ್ಟ ಚೀಟಿ ಎಂದುಕೊಳ್ಳಿ. 21 ಡಬ್ಬಿಗಳನ್ನು, ಅಂದರೆ ಮಾಹಿತಿಯ 21 ತುಣುಕುಗಳನ್ನು, ನೋಡು ಎಂದು ಆ ಚೀಟಿಯಲ್ಲಿತ್ತು. ತಂತ್ರಾಂಶ ಒದಗಿಸಿದ್ದು 20 ಡಬ್ಬಿ. ಇಲ್ಲದ 21ನೆಯ ಡಬ್ಬಿಗೆ ಕೈಹಾಕಿದ ಕಾವಲುಗಾರ ತನ್ನದಲ್ಲದ ಮೆಮೊರಿಯನ್ನು ಮುಟ್ಟಿದ. ಕರ್ನಲ್ ಒಳಗೆ ಹಾಗಾದರೆ ಮುಂದಿನದು ನೀಲಿ ಪರದೆ.

ಕಂಪನಿ 78 ನಿಮಿಷದಲ್ಲಿ ಅಪ್‌ಡೇಟ್ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಸುಮಾರು 85 ಲಕ್ಷ ಯಂತ್ರಗಳು ಬಿದ್ದಿದ್ದವು. ಇದು ಮೈಕ್ರೋಸಾಫ್ಟ್ ಕೊಟ್ಟ ಅಂದಾಜು. ಅದೇ ಹೇಳಿದಂತೆ ಒಟ್ಟು ವಿಂಡೋಸ್ ಯಂತ್ರಗಳಲ್ಲಿ ಇದು ಶೇ. 1ಕ್ಕಿಂತ ಕಡಿಮೆ. ಬಿದ್ದ ಯಂತ್ರ ಮತ್ತೆ ಎದ್ದೊಡನೆ ಅದೇ ಚೀಟಿ ಓದಿ ಮತ್ತೆ ಬೀಳುತ್ತಿತ್ತು. ಹೀಗಾಗಿ ಬಹಳಷ್ಟು ಕಡೆ ಮನುಷ್ಯರೇ ಒಂದೊಂದರ ಮುಂದೆ ಕೂತು, ಅತ್ಯಗತ್ಯವಾದದ್ದನ್ನಷ್ಟೇ ಓಡಿಸುವ ಸೇಫ್ ಮೋಡ್‌ನಲ್ಲಿ ತೆರೆದು, ಆ ಕಡತ ಅಳಿಸಬೇಕಾಯಿತು. ಡಿಸ್ಕಿಗೆ ಬೀಗ ಹಾಕಿದ್ದ ಕಡೆ 48 ಅಂಕಿಗಳ ರಿಕವರಿ ಕೀಯನ್ನೂ ಹುಡುಕಬೇಕಾಯಿತು.

ಮ್ಯಾಕ್‌ಗಳಿಗೆ ಅಂದು ಏನೂ ಆಗಲಿಲ್ಲ. ಆ ಅಪ್‌ಡೇಟ್ ಹೋದದ್ದೇ ವಿಂಡೋಸ್‌ಗೆ. ಅದಲ್ಲದೆ 2019ರಿಂದಲೇ ಆಪಲ್ ಹೊರಗಿನವರನ್ನು ಕರ್ನಲ್‌ನಿಂದ ಹಂತಹಂತವಾಗಿ ಆಚೆ ಕಳಿಸುತ್ತಿದೆ: ಕಾವಲು ಕಾಯುವುದಿದ್ದರೆ ಕಿಟಕಿಯ ಆಚೆ ನಿಂತು ಕಾಯಿರಿ. ವಿಂಡೋಸ್ ಹಾಗೇಕೆ ಮಾಡಲಿಲ್ಲ ಎಂದರೆ, ಭದ್ರತಾ ಕಂಪನಿಗಳಿಗೂ ತನ್ನಷ್ಟೇ ಪ್ರವೇಶ ಕೊಡುವ ಬಗ್ಗೆ 2009ರಲ್ಲಿ ಯುರೋಪಿಯನ್ ಆಯೋಗದೊಂದಿಗೆ ಮಾಡಿಕೊಂಡ ಒಪ್ಪಂದದತ್ತ ಮೈಕ್ರೋಸಾಫ್ಟ್ ಬೊಟ್ಟುಮಾಡಿತು. ಲಿನಕ್ಸ್‌ನವರೂ ಬೀಗಬೇಕಿಲ್ಲ, ಅದೇ ತಂತ್ರಾಂಶದ ಕಾರಣಕ್ಕೆ ಕೆಲವು ತಿಂಗಳ ಹಿಂದಷ್ಟೇ ಕೆಲವು ಲಿನಕ್ಸ್ ಸರ್ವರ್‌ಗಳೂ ಮಗುಚಿದ್ದವು. ಈಗ ಮೈಕ್ರೋಸಾಫ್ಟ್ ಕೂಡ ಆಂಟಿವೈರಸ್‌ಗಳನ್ನು ಕರ್ನಲ್‌ನಿಂದ ಹೊರಗೆ ನಡೆಸುವ ದಾರಿಯನ್ನು ಸಿದ್ಧಪಡಿಸುತ್ತಿದೆ.

ಮುಚ್ಚಿದ ಬಾಗಿಲಿನ ಬೆಲೆ

ಎಲ್ಲವೂ ಒಬ್ಬರ ಕೈಯಲ್ಲಿದ್ದರೆ ಅವರು ಎಡವಿದ ದಿನ ಬೇರೆ ದಾರಿ ಇರುವುದಿಲ್ಲ. 2015ರಿಂದ ಕೆಲವು ವರ್ಷ ಆಪಲ್ ತನ್ನ ಲ್ಯಾಪ್‌ಟಾಪ್‌ಗಳಿಗೆ ಹಾಕಿದ ‘ಬಟರ್‌ಫ್ಲೈ’ ಕೀಬೋರ್ಡ್ ಒಂದು ಧೂಳಿನ ಕಣಕ್ಕೇ ಕೈಕೊಡುತ್ತಿತ್ತು. ಮ್ಯಾಕ್ ಲ್ಯಾಪ್‌ಟಾಪೇ ಬೇಕು ಎನ್ನುವವರು ಬೇರೆ ಕೀಬೋರ್ಡಿನದನ್ನು ಯಾರ ಬಳಿ ಕೊಳ್ಳುವುದು? 2022ರಲ್ಲಿ ಅಮೆರಿಕದ ಮೊಕದ್ದಮೆಯೊಂದನ್ನು ಇತ್ಯರ್ಥ ಮಾಡಿಕೊಳ್ಳಲು ಆಪಲ್ 5 ಕೋಟಿ ಡಾಲರ್ ಕೊಡಲು ಒಪ್ಪಿತು. 2017ರ ನವೆಂಬರಿನಲ್ಲಿ ಇನ್ನೂ ವಿಚಿತ್ರವಾದದ್ದು ಬಯಲಾಯಿತು: ಆಗಿನ ಮ್ಯಾಕ್ ಓಎಸ್‌ನಲ್ಲಿ ‘ರೂಟ್’ ಎಂದು ಹೆಸರು ಕೊಟ್ಟು ಪಾಸ್‌ವರ್ಡ್ ಖಾಲಿ ಬಿಟ್ಟರೂ ಯಂತ್ರದ ಪೂರ್ತಿ ಅಧಿಕಾರ ಸಿಗುತ್ತಿತ್ತು. ಮರುದಿನವೇ ತೇಪೆ ಹಾಕಿದರು ಎನ್ನಿ. ಹಳೆಯದನ್ನು ಕೈಬಿಡುವುದರಲ್ಲೂ ಆಪಲ್ ಹಿಂದುಳಿದಿಲ್ಲ. ಮ್ಯಾಕ್ ಓಎಸ್‌ನ 2025ರ ‘ಟಾಹೋ’ ಆವೃತ್ತಿಯೇ ಇಂಟೆಲ್ ಪ್ರೊಸೆಸರ್ ಇರುವ ಹಳೆಯ ಮ್ಯಾಕ್‌ಗಳಿಗೆ ಕೊನೆಯದು.

ಹಳೆಯ ಪಿಸಿ ಇಟ್ಟುಕೊಂಡವರಿಗೆ

ಬೆಂಬಲ ನಿಂತಿತು ಎಂದರೆ ಯಂತ್ರ ನಿಂತಿತು ಎಂದಲ್ಲ. ಹೊಸದಾಗಿ ಕಂಡುಬರುವ ಭದ್ರತಾ ತೂತುಗಳಿಗೆ ತೇಪೆ ಬರುವುದಿಲ್ಲ ಎಂದಷ್ಟೇ. ತೇಪೆಯ ಮಹತ್ವ 2017ರ ಮೇ ತಿಂಗಳಲ್ಲಿ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶದ ದಾಳಿಯಾದಾಗ ಗೊತ್ತಾಯಿತು. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದ ಯಂತ್ರಗಳು 150ಕ್ಕೂ ಹೆಚ್ಚು ದೇಶಗಳಲ್ಲಿ ಸಿಕ್ಕಿಬಿದ್ದವು.

ವಿಂಡೋಸ್ 11 ಹಳೆಯ ಯಂತ್ರಗಳನ್ನು ಬೇಡ ಎನ್ನುವುದಕ್ಕೆ ಮುಖ್ಯ ಕಾರಣ ಎರಡು. ಅದು ಟಿಪಿಎಂ 2.0 ಬೇಕೆನ್ನುತ್ತದೆ, ಅಂದರೆ ಬೀಗದ ಕೈಗಳನ್ನು ಜೋಪಾನವಾಗಿಡುವ ಚಿಪ್‌ನಂಥ ಏರ್ಪಾಟು. ಪ್ರೊಸೆಸರ್ ಕೂಡ ಇಂಟೆಲ್‌ನದಾದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನದಾಗಿರಬೇಕು. ಟಿಪಿಎಂ ಕೆಲವು ಯಂತ್ರಗಳಲ್ಲಿ ಇದ್ದೂ ಆಫ್ ಆಗಿರುತ್ತದೆ, ಆದ್ದರಿಂದ ಹೊಸದು ಕೊಳ್ಳುವ ಮುನ್ನ ಬಯೋಸ್ ಸೆಟ್ಟಿಂಗ್‌ ಒಮ್ಮೆ ನೋಡಿಸಿ. ಮನೆಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ವಿಂಡೋಸ್ 10ಕ್ಕೆ ಭದ್ರತಾ ತೇಪೆ ಸಿಗುವ ಏರ್ಪಾಟನ್ನೂ ಮೈಕ್ರೋಸಾಫ್ಟ್ ಮಾಡಿತು.

ಎಷ್ಟೋ ಸಲ ಹ್ಯಾಂಗ್ ಆಗುವುದಕ್ಕೂ ಓಎಸ್‌ಗೂ ಸಂಬಂಧವೇ ಇರುವುದಿಲ್ಲ. ಧೂಳು ತುಂಬಿದ ಫ್ಯಾನ್, ಸಡಿಲವಾದ ರ‍್ಯಾಮ್, ಸಾಯುತ್ತಿರುವ ಹಾರ್ಡ್ ಡಿಸ್ಕ್, ಏರಿಳಿಯುವ ವೋಲ್ಟೇಜ್ ಇವನ್ನು ಯಾವ ಕಂಪನಿಯ ಓಎಸ್ಸೂ ಸರಿಮಾಡಲಾರದು. ಹಾರ್ಡ್ ಡಿಸ್ಕ್ ತೆಗೆದು ಅದರ ಜಾಗದಲ್ಲಿ ತಿರುಗುವ ಭಾಗಗಳಿಲ್ಲದ ವೇಗದ ಉಗ್ರಾಣವಾದ ಎಸ್‌ಎಸ್‌ಡಿ ಹಾಕಿಸಿದರೆ ಅದೇ ಯಂತ್ರ ಬೇರೆಯೇ ಆದಂತೆ ಓಡುತ್ತದೆ.

ಪಕ್ಕದ ಮನೆಯ ಹುಡುಗನ ಮಾತು ಕೇಳುವುದಾದರೆ ಮೊದಲು ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ತೋರಿಸಲು ಹೇಳಿ. ಲಿನಕ್ಸ್‌ನ ಜನಪ್ರಿಯ ಬಗೆಗಳಾದ ಉಬುಂಟು, ಮಿಂಟ್ ಎರಡರಲ್ಲೂ ಇದು ಸಾಧ್ಯ, ಡಿಸ್ಕಿನಲ್ಲಿರುವುದನ್ನು ಮುಟ್ಟಬೇಕಿಲ್ಲ. ವೈಫೈ ಸಿಗುತ್ತದೆಯೇ, ಪ್ರಿಂಟರ್ ಓಡುತ್ತದೆಯೇ, ಸ್ಪೀಕರ್ ಮಾತಾಡುತ್ತದೆಯೇ ನೋಡಿ. ಕನ್ನಡದಲ್ಲಿ ಕೆಲಸ ಮಾಡುವವರು ಇನ್ನೊಂದನ್ನೂ ನೋಡಬೇಕು. ಯೂನಿಕೋಡ್ ಎಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆಬೇರೆ ಸಂಖ್ಯೆ ಕೊಟ್ಟಿರುವ ಪದ್ಧತಿ; ಅದರಲ್ಲಿ ಬರೆದ ಕನ್ನಡ ಮೂರೂ ಓಎಸ್‌ಗಳಲ್ಲಿ ಸರಿಯಾಗಿ ಮೂಡುತ್ತದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳ ಕಥೆ ಬೇರೆ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್‌ಗಳವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಷ್ಟೇ ಕಾಣುತ್ತದೆ. ಯೂನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್‌ಗಳಿವೆ. ಆ ಕೆಲಸವನ್ನು ಹಳೆಯ ವಿಂಡೋಸ್ ಇನ್ನೂ ನಡೆಯುತ್ತಿರುವಾಗಲೇ ಮುಗಿಸಿ, ಕಡತಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿಟ್ಟುಕೊಳ್ಳಿ. ಆಮೇಲೆ ಬೇಕಿದ್ದರೆ ಹುಡುಗನ ಕೈಗೆ ಯಂತ್ರ ಕೊಡಿ.